ಊರಿಗೊಂದು ಅಳತೆಯ ವಿಂಡೋ

ಗಿರಾಕಿಗಳ ಫೋನು ಬಂದರೆ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಇರುತ್ತಿತ್ತು: "ಅದು ಉಂಟಲ್ಲ, ಅದು ಇಲ್ಲ." ಹೊಸಬರಿಗೆ ಇದು ವೇದಾಂತದ ಹಾಗೆ ಕೇಳಿಸಬಹುದು. ನಮಗೆ ಅಭ್ಯಾಸವಾಗಿತ್ತು. ಇವತ್ತು ಬಟನ್ ಇಲ್ಲ, ನಾಳೆ ಹೆಸರು ಬರೆಯುವ ಜಾಗ ಇಲ್ಲ, ನಾಡಿದ್ದು ಇಡೀ ಸಾಫ್ಟ್‌ವೇರೇ ಇಲ್ಲ. ವಾರಕ್ಕೊಂದಾದರೂ ಇಂಥದ್ದು ಆಗದಿದ್ದರೆ ಫೋನೇ ಹಾಳಾಗಿದೆಯೋ ಎಂದು ನಾವು ರಿಸೀವರ್ ಎತ್ತಿ ನೋಡುತ್ತಿದ್ದೆವು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷ ಆಗಿದ್ದಿರಬೇಕು. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಎದುರು, ಕನ್ನಡಕದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಕಂಪನಿ. ಕಂಪನಿ ಎಂದರೆ ಮೂರು ಜನ: ಯಜಮಾನರಾದ ಸರ್, ಶಿರ್ತಾಡಿಯಿಂದ ಬೈಕಿನಲ್ಲಿ ಬರುತ್ತಿದ್ದ ಪ್ರೋಗ್ರಾಮರ್, ಮತ್ತು ಟ್ರೈನಿ ಎಂಬ ಹೆಸರಿನಲ್ಲಿ ನಾನು. ಸಾಫ್ಟ್‌ವೇರ್ ಬರೆಯುವುದು ಪ್ರೋಗ್ರಾಮರ್, ಮಾರುವುದು ಸರ್, ಮಾರಿದ ಮೇಲೆ ಬೈಗಳು ತಿನ್ನುವುದು ನಾನು.

ಸಾಫ್ಟ್‌ವೇರ್ ಒಂದೇ. ಹೆಸರು, ವಿಳಾಸ, ತಾರೀಕು ತುಂಬಿಸಿ ಕೊನೆಗೆ ಕೆಳಗಿನ 'ಸೇವ್' ಬಟನ್ ಒತ್ತಬೇಕು. ಶಾಲೆಗೆ ಕೊಟ್ಟರೆ ಆ ಹೆಸರು ವಿದ್ಯಾರ್ಥಿಯದ್ದು, ಡಾಕ್ಟರಿಗೆ ಕೊಟ್ಟರೆ ರೋಗಿಯದ್ದು. "ಒಮ್ಮೆ ಬರೆದದ್ದು ಎಲ್ಲ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಒಳಗೆ ಅದನ್ನು ನಡೆಸುವುದು ವಿಂಡೋಸ್ ಇರಲಿ, ಲಿನಕ್ಸ್ ಇರಲಿ" ಎಂದು ಸರ್ ಎಲ್ಲರಿಗೂ ಹೇಳುತ್ತಿದ್ದರು. ನಡೆಯುತ್ತಿದ್ದದ್ದು ಸುಳ್ಳಲ್ಲ. ಆದರೆ ಸ್ಕ್ರೀನಿನ ಮೇಲೆ ತೆರೆದುಕೊಳ್ಳುವ ಆ ಚೌಕ, ಅಂದರೆ ವಿಂಡೋ, ಒಂದು ಕಡೆ ಕರವಸ್ತ್ರದಷ್ಟು, ಇನ್ನೊಂದು ಕಡೆ ಚಾಪೆಯಷ್ಟು. ಚಾಪೆಯಷ್ಟಾದ ಕಡೆ ಅದರ ಅಂಚು ಸ್ಕ್ರೀನಿನಿಂದ ಹೊರಗೆ ಹೋಗಿ, ಸೇವ್ ಬಟನ್ ಯಾವ ಲೋಕದಲ್ಲಿ ಇರುತ್ತಿತ್ತೋ ದೇವರಿಗೇ ಗೊತ್ತು.

ಇದನ್ನು ಪ್ರೋಗ್ರಾಮರಿಗೆ ಹೇಳಿದರೆ ಅವರು ತಮ್ಮ ದೊಡ್ಡ ಮಾನಿಟರಿನಲ್ಲಿ ತೆರೆದು ತೋರಿಸುತ್ತಿದ್ದರು. ಅವರದ್ದು ಲಿನಕ್ಸ್. ಅಲ್ಲಿ ಎಲ್ಲವೂ ಮದುವೆ ಊಟದ ಎಲೆಯ ಹಾಗೆ ಜಾಗಕ್ಕೆ ಸರಿಯಾಗಿ ಕೂತಿರುತ್ತಿತ್ತು. "ನನ್ನಲ್ಲಿ ಸರಿ ಉಂಟು ಮಾರಾಯ್ತಿ" ಎನ್ನುತ್ತಿದ್ದರು. ಅವರ ದನಿಯಲ್ಲಿ ಸಿಟ್ಟು ಇರುತ್ತಿರಲಿಲ್ಲ. ತನ್ನ ಮನೆಯ ಬಾವಿಯಲ್ಲಿ ನೀರಿದೆ, ನಿಮ್ಮದರಲ್ಲಿ ಯಾಕಿಲ್ಲವೋ ಎಂಬಂಥ ಕನಿಕರ ಇರುತ್ತಿತ್ತು.

ನನಗೆ ಈ ಕೆಲಸ ಬೇಕಿತ್ತು. ಕಾರಣ ಸಂಬಳ ಅಲ್ಲ, ಬಿ.ಎಡ್. ಆ ಜೂನಿನ ಒಳಗೆ ಕೆಲಸ ಖಾಯಂ ಆಗದಿದ್ದರೆ ಬಿ.ಎಡ್. ಸೇರಬೇಕು ಎಂದು ಅಮ್ಮ ತೀರ್ಮಾನ ಮಾಡಿಯಾಗಿತ್ತು. ಟೀಚರ್ ಆಗುವುದೆಂದರೆ ದಿನಾ ನಲವತ್ತು ಮಕ್ಕಳ ಎದುರು ನಿಂತು ಮಾತಾಡುವುದು. ನಾನು ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ ಕಂಡಕ್ಟರಿಗೆ ಹೇಳಲು ನಾಚಿ ಮುಂದಿನ ಸ್ಟಾಪಿನಲ್ಲಿ ಯಾರಾದರೂ ಇಳಿಯುವವರಿದ್ದರೆ ಅವರ ಹಿಂದೆ ಇಳಿದು ನಡೆದು ಬರುವವಳು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿತದ್ದರಿಂದ ನನಗೆ ಎರಡು ಭಾಷೆಗಳಲ್ಲಿ ಸುಮ್ಮನಿರಲು ಬರುತ್ತಿತ್ತು, ಮನೆಯ ತುಳು ಸೇರಿಸಿದರೆ ಮೂರು. ಕಂಪ್ಯೂಟರ್ ಒಳ್ಳೆಯದು, ಅದು ತಿರುಗಿ ನೋಡುವುದಿಲ್ಲ ಎಂದುಕೊಂಡು ಈ ಕೆಲಸಕ್ಕೆ ಬಂದಿದ್ದೆ. ಸರ್ ಹತ್ತಿರ ಧೈರ್ಯ ಮಾಡಿ ಕೇಳಿದಾಗ, "ಖಾಯಂ ಮಾಡುವ. ಮೂಡುಬಿದಿರೆಯ ಆ ಶಾಲೆಯ ಆರ್ಡರ್ ಒಂದು ಬರಲಿ" ಎಂದರು. ಅಲ್ಲಿಗೆ ನನ್ನ ಭವಿಷ್ಯ ಒಂದು ಸೇವ್ ಬಟನ್ ಕಾಣಿಸುವುದರ ಮೇಲೆ ನಿಂತಿತು.

೧. ಕಂಪ್ಯೂಟರಿಗೆ ವಿಶ್ರಾಂತಿ

ಬೆಳ್ತಂಗಡಿಯ ಒಂದು ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ಕೊಟ್ಟು ಎರಡು ತಿಂಗಳಾದರೂ ಅಲ್ಲಿಂದ ಒಂದೂ ಫೋನ್ ಬಂದಿರಲಿಲ್ಲ. ಸರ್‌ಗೆ ಅದೊಂದು ಹೆಮ್ಮೆ. "ನೋಡು, ಅಲ್ಲಿ ಎಷ್ಟು ಚೆನ್ನಾಗಿ ನಡೆಯುತ್ತಾ ಉಂಟು, ಒಮ್ಮೆ ನೋಡಿಕೊಂಡು ಬಾ" ಎಂದು ಕಳಿಸಿದರು.

ಹೋಗಿ ನೋಡಿದರೆ ಚೀಟಿ ಕೊಡುವ ಅಕ್ಕ ಕತ್ತು ಮೇಲೆತ್ತಿ ಕೂತಿದ್ದಾರೆ. ಮಾನಿಟರಿನ ಅಡಿಯಲ್ಲಿ ಒಂದು ಮಣೆ, ಮಣೆಯ ಅಡಿಯಲ್ಲಿ ಎರಡು ಟೆಲಿಫೋನ್ ಡೈರೆಕ್ಟರಿ, ಅದರ ಅಡಿಯಲ್ಲಿ ಟಾನಿಕ್ ಬಾಟಲಿಯ ಖಾಲಿ ಪೆಟ್ಟಿಗೆ. ಯಾಕೆ ಎಂದು ಕೇಳಿದೆ. ಕೆಳಗಿನ ಬಟನ್ ಕಾಣುತ್ತಿರಲಿಲ್ಲ, ಕಂಪ್ಯೂಟರನ್ನು ಸ್ವಲ್ಪ ಎತ್ತರಕ್ಕೆ ಇಟ್ಟರೆ ಕೆಳಗಿನದ್ದೂ ಕಂಡೀತು ಎಂದು ಒಂದೊಂದೇ ಇಡುತ್ತಾ ಬಂದದ್ದಂತೆ.

"ಕಂಡಿತಾ?"

"ಇಲ್ಲ. ಮನೆಯಲ್ಲಿ ಇನ್ನೊಂದು ಮಣೆ ಉಂಟು, ನಾಳೆ ತರುತ್ತೇನೆ" ಎಂದರು.

ಹಾಗಾದರೆ ಎರಡು ತಿಂಗಳು ಹೇಗೆ ನಡೆಸಿದಿರಿ ಎಂದರೆ, ಅದಕ್ಕೂ ಅವರಲ್ಲಿ ದಾರಿ ಇತ್ತು. ಸಾಫ್ಟ್‌ವೇರನ್ನು ಮುಚ್ಚಿದರೆ, ಬರೆದದ್ದನ್ನು ಉಳಿಸಬೇಕೇ ಎಂದು ಅದೇ ಕೇಳುತ್ತಿತ್ತು. ಹೌದು ಎಂದರಾಯಿತು. ಹಾಗಾಗಿ ಒಬ್ಬ ರೋಗಿಯ ಹೆಸರು ಬರೆದು ಪೂರ್ತಿ ಮುಚ್ಚುವುದು, ಇನ್ನೊಬ್ಬರಿಗೆ ಮೊದಲಿಂದ ತೆರೆಯುವುದು. ತೆರೆಯಲು ಅದಕ್ಕೆ ಸುಮಾರು ಹೊತ್ತು ಬೇಕು. ಬೆಂಚಿನಲ್ಲಿ ಕೂತ ಒಬ್ಬ ಅಜ್ಜಿ ಪಕ್ಕದವರಿಗೆ ವಿವರಿಸುತ್ತಿದ್ದರು: ಈ ಕಂಪ್ಯೂಟರು ಒಬ್ಬೊಬ್ಬರನ್ನು ನೋಡಿದ ಮೇಲೆ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಡಾಕ್ಟರು ಮಾತ್ರ ಪಾಪ, ಬೆಳಗಿನಿಂದ ಕೂತಲ್ಲೇ.

ನಾನು ಕೀಬೋರ್ಡಿನಲ್ಲಿ ಏನೇನೋ ಒತ್ತಿ ವಿಂಡೋವನ್ನು ಮೇಲಕ್ಕೆ ಸರಿಸಿದೆ. ಸೇವ್ ಬಟನ್ ಬಂತು. ಹೆಸರು ಬರೆಯುವ ಜಾಗ ಸ್ಕ್ರೀನಿನ ಮೇಲಿನಿಂದ ಆಚೆ ಹೋಯಿತು. ಎರಡೂ ಒಟ್ಟಿಗೆ ಬೇಕೆಂದರೆ ಆಗುವುದಿಲ್ಲ, ಯಾವುದಾದರೂ ಒಂದು. ಇದನ್ನು ಹೇಗೆ ಹೇಳುವುದೆಂದು ನಾನು ಬೆವರುತ್ತಿರುವಾಗ ಒಳಗಿನಿಂದ ಡಾಕ್ಟರೇ ಬಂದರು. ಸ್ಕ್ರೀನ್ ನೋಡಿದರು. ಅಕ್ಕನ ಕತ್ತು ನೋಡಿದರು.

"ಬಟನ್ ಇರಲಿ, ಹೆಸರು ಹೋಗಲಿ" ಎಂದರು. "ಹೆಸರು ನನಗೆ ಹೇಗೂ ನೆನಪಿರುತ್ತದೆ. ಇವಳ ಕುತ್ತಿಗೆ ನೋವಿಗೆ ಮದ್ದು ಕೊಟ್ಟೂ ಕೊಟ್ಟೂ ಸಾಕಾಯಿತು."

೨. ಫುಟ್‌ಬೋರ್ಡ್

ಬಿ.ಸಿ.ರೋಡಿನಲ್ಲೇ ನಮ್ಮಿಂದ ನಾಲ್ಕು ಅಂಗಡಿ ಆಚೆ ಒಂದು ಟ್ರಾವೆಲ್ಸ್. ಗಲ್ಫಿಗೆ ಹೋಗುವವರೆಲ್ಲ ಟಿಕೇಟಿಗೆ ಬರುವುದು ಅಲ್ಲಿಗೆ. ಅದರ ಮಾಲಕರಾದ ಹಾಜಿಯವರಿಗೆ ಅವರ ಭಾವ ದುಬೈಯಿಂದ ಒಂದು ಮಾನಿಟರ್ ತಂದುಕೊಟ್ಟಿದ್ದರು. ಅಷ್ಟು ದೊಡ್ಡದನ್ನು ಆಗ ತಾಲೂಕಿನಲ್ಲಿ ಯಾರೂ ನೋಡಿರಲಿಲ್ಲ. ಅದನ್ನು ನೋಡಲಿಕ್ಕೆಂದೇ ಟಿಕೇಟು ಬೇಡದವರೂ ಬರುತ್ತಿದ್ದರು.

ಅದರಲ್ಲಿ ನಮ್ಮ ಸಾಫ್ಟ್‌ವೇರ್ ತೆರೆದರೆ ಎಡಬದಿಯ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಹಾಜಿಯವರು ಮೊದಲು ಕನ್ನಡಕ ಒರೆಸಿದರಂತೆ, ಆಮೇಲೆ ನಮ್ಮ ಕೆಳಗಿನ ಅಂಗಡಿಯಲ್ಲೇ ಹೊಸ ಕನ್ನಡಕ ಮಾಡಿಸಿದರಂತೆ, ಆಮೇಲೆ ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬಂದರು. ನಾನು ಅವರ ಜೊತೆ ಹೋದೆ.

"ಮಗಳೇ, ಇಷ್ಟು ಜಾಗ ಖಾಲಿ ಉಂಟು" ಎಂದು ಅವರು ಸ್ಕ್ರೀನಿನ ಮೇಲೆ ಕೈಯಾಡಿಸಿದರು. "ಒಳಗೆ ಸೀಟೆಲ್ಲ ಖಾಲಿ ಇರುವಾಗ ನಿಮ್ಮದು ಮಾತ್ರ ಯಾಕೆ ಫುಟ್‌ಬೋರ್ಡಿನಲ್ಲಿ ನೇತಾಡುವುದು?"

ಪ್ರೋಗ್ರಾಮರಿಗೆ ಫೋನ್ ಮಾಡಿದರೆ, ಅದು ಸ್ಕ್ರೀನಿನ ತಪ್ಪು, ಅಷ್ಟು ದೊಡ್ಡದು ಇಟ್ಟುಕೊಳ್ಳಲು ಯಾರು ಹೇಳಿದ್ದು ಎಂದರು. ಇದನ್ನು ನಾನು ಹಾಜಿಯವರಿಗೆ ತಲುಪಿಸಲಿಲ್ಲ. ಆ ವಾರ ಪೂರ್ತಿ ಪ್ರೋಗ್ರಾಮರ ಹಿಂದೆ ಬಿದ್ದು, ಅಂದರೆ ಅವರ ಕುರ್ಚಿಯ ಹಿಂದೆ ಏನೂ ಮಾತಾಡದೆ ನಿಂತು, ಹಾಜಿಯವರಿಗಾಗಿಯೇ ಒಂದು ಬೇರೆ ಸೀಡಿ ಮಾಡಿಸಿದೆ. ಹಾಕಿದೆ. ತೆರೆದೆ. ನಮ್ಮ ಸಾಫ್ಟ್‌ವೇರ್ ಆ ಮೂಲೆಯಿಂದ ಈ ಮೂಲೆಯವರೆಗೆ ತುಂಬಿಕೊಂಡಿತು. ಜೀವನದಲ್ಲಿ ಮೊದಲ ಸಲ ನಾನು ಒಬ್ಬ ಗಿರಾಕಿಯ ಮುಖವನ್ನು ನೇರವಾಗಿ ನೋಡಿದೆ.

ಅವರ ಮುಖ ಸಣ್ಣದಾಗಿತ್ತು.

"ಮಕ್ಕಳು ಎಲ್ಲಿ?" ಎಂದರು.

ಆ ಒಂದು ವಾರದೊಳಗೆ ಆ ಖಾಲಿ ಜಾಗದಲ್ಲಿ ಅವರು ಮಸ್ಕತ್ತಿನಲ್ಲಿದ್ದ ಮೊಮ್ಮಕ್ಕಳ ಫೋಟೋ ಹಾಕಿಸಿಕೊಂಡಿದ್ದರು. ಇಬ್ಬರು ಹುಡುಗಿಯರು, ಮಧ್ಯದಲ್ಲಿ ಹಲ್ಲಿಲ್ಲದ ಒಂದು ಮಗು. ನಮ್ಮ ವಿಂಡೋ ಅವರನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ದಿನವಿಡೀ ಟಿಕೇಟು ಬರೆಯುವಾಗ ನೋಡುತ್ತಿದ್ದ ಮುಖಗಳು. ಸಾಫ್ಟ್‌ವೇರನ್ನು ಸಣ್ಣದು ಮಾಡಿದರೆ ಕಾಣುತ್ತಾರೆ ಎಂದು ನಾನು ಮೆಲ್ಲಗೆ ಹೇಳಿದೆ.

"ಹಾಗಾದರೆ ಫುಟ್‌ಬೋರ್ಡೇ ಸಾಕು, ಮಗಳೇ" ಎಂದರು ಹಾಜಿಯವರು. "ಸೀಟಿನಲ್ಲಿ ಮಕ್ಕಳು ಕೂತುಕೊಳ್ಳಲಿ."

೩. ವಿಟ್ಲದ ಅಳತೆ

ವಿಟ್ಲದ ಒಂದು ಜವಳಿ ಅಂಗಡಿಯಿಂದ ಫೋನ್ ಬಂದಾಗ ಸರ್ ಪಕ್ಕದಲ್ಲೇ ಇದ್ದದ್ದರಿಂದ ಪ್ರೋಗ್ರಾಮರೇ ಮಾತಾಡಬೇಕಾಯಿತು. ಸೇವ್ ಬಟನ್ ಇಲ್ಲ ಎಂದು ದೂರು. ತಾರೀಕಿನ ಜಾಗ ಕಾಣುತ್ತದೋ ಎಂದು ಇವರು ಕೇಳಿದರು. ಕಾಣುತ್ತದೆ. ಅದರ ಕೆಳಗೆ ಏನುಂಟು ಎಂದು ಕೇಳಿದರು.

"ಅದರ ಕೆಳಗೆ ಮೇಜು ಉಂಟು" ಎಂದರು ಆಚೆಯವರು.

ಸರ್ ಈ ಸಮಸ್ಯೆಯನ್ನು ತಾನೇ ಬಗೆಹರಿಸಲು ತೀರ್ಮಾನಿಸಿದ್ದು ಆ ದಿನ. ಒಂದೊಂದು ಕಡೆ ಒಂದೊಂದು ಅಳತೆಯ ಸ್ಕ್ರೀನ್ ಇರುವುದೇ ರೋಗದ ಮೂಲ, ಆದ್ದರಿಂದ ಎಲ್ಲರ ಅಳತೆ ತೆಗೆದುಕೊಂಡು ಬರುವ ಎಂದರು. ಪ್ರೋಗ್ರಾಮರಿಗೆ ಬೇಕಾದ ಅಳತೆ ಬೇರೆ, ಅದು ಸ್ಕ್ರೀನಿನಲ್ಲಿ ಎಷ್ಟು ಚುಕ್ಕೆ ಅಡ್ಡ, ಎಷ್ಟು ಚುಕ್ಕೆ ಉದ್ದ ಎಂಬ ಲೆಕ್ಕ. ಅದನ್ನು ಕಂಪ್ಯೂಟರಿನ ಒಳಗೆ ನೋಡಬೇಕು. ಆದರೆ ಸರ್ ಆಗಲೇ ಮೆಟ್ಟಿಲಿಳಿದು ಹೋಗಿ ದರ್ಜಿಯ ಟೇಪ್ ಒಂದನ್ನು ತಂದು ನನ್ನ ಕೈಯಲ್ಲಿಟ್ಟಿದ್ದರು. ಅದು ಹಾಗಲ್ಲ ಸರ್ ಎಂದು ಹೇಳಲು ಬಾಯಿ ಬೇಕು. ನಾನು ಪ್ರೋಗ್ರಾಮರ ಮುಖ ನೋಡಿದೆ, ಅವರು ತಮ್ಮ ಸ್ಕ್ರೀನ್ ನೋಡಿದರು. ನಾನು ವಿಟ್ಲದ ಬಸ್ಸು ಹತ್ತಿದೆ.

ಜವಳಿ ಅಂಗಡಿಯ ಧಣಿಗಳು ವಯಸ್ಸಾದವರು, ಬಹಳ ಮರ್ಯಾದೆಯವರು. ಕೂರಿಸಿ ಕಷಾಯ ಕೊಟ್ಟರು. ನಾನು ಟೇಪ್ ತೆಗೆದು ಅವರ ಮಾನಿಟರಿನ ಅಗಲ ಅಳೆದೆ, ಎತ್ತರ ಅಳೆದೆ. ಅಂಗಡಿಯಲ್ಲಿದ್ದವರೆಲ್ಲ ಬಟ್ಟೆ ನೋಡುವುದು ಬಿಟ್ಟು ಇದನ್ನು ನೋಡಿದರು. ಧಣಿಗಳಿಗೆ ಮಾತ್ರ ಏನೂ ಆಶ್ಚರ್ಯವಾಗಲಿಲ್ಲ. ಟೇಪ್ ಹಿಡಿದು ಬಂದವರು ಯಾಕೆ ಬಂದದ್ದೆಂದು ಜವಳಿಯವರಿಗೆ ಬೇರೆ ಹೇಳಬೇಕೇ.

"ಹಿಂದಿನ ಉಬ್ಬು ಸಹ ಅಳೆಯಿರಿ" ಎಂದರು. "ಇಲ್ಲದಿದ್ದರೆ ಆಮೇಲೆ ಬಿಗಿ ಆಗ್ತದೆ."

ಅಳೆದೆ. ಅವರು ಒಳಗೆ ಹೋಗಿ ಒಂದು ಥಾನು ಹಿಡಿದುಕೊಂಡು ಬಂದರು. ಆಗ ಕಂಪ್ಯೂಟರ್ ಇಟ್ಟವರೆಲ್ಲ ಅದಕ್ಕೊಂದು ಬಟ್ಟೆಯ ಕವರ್ ಹೊಲಿಸುತ್ತಿದ್ದರು, ಧೂಳು ಕೂರದ ಹಾಗೆ. ಹೂವಿನದ್ದು ಬೇಡ, ಕಪ್ಪು ಇರಲಿ, ಮೂಲೆಯಲ್ಲಿ ಅಂಗಡಿಯ ಹೆಸರು ಹಾಕಿಸಿ ಎಂದು ಎರಡು ಮೀಟರ್ ಕತ್ತರಿಸಿ ಕೊಟ್ಟೇ ಬಿಟ್ಟರು. ಕಂಪನಿಯವರು ಇಷ್ಟು ಕಾಳಜಿ ಮಾಡುವುದು ಈ ಕಾಲದಲ್ಲಿ ಕಡಿಮೆ ಎಂದೂ ಸೇರಿಸಿದರು. ಸೇವ್ ಬಟನ್ನಿನ ಮಾತೇ ಎತ್ತಲಿಲ್ಲ.

ನಾನು ಬಟ್ಟೆ ತಂದೆ. ಬಿ.ಸಿ.ರೋಡಿನಲ್ಲಿ ಹೊಲಿಸಿದೆ. ಮುಂದಿನ ವಾರ ವಿಟ್ಲಕ್ಕೆ ಹೋಗಿ ಹಾಕಿ ನೋಡಿದೆ. ಎಲ್ಲೂ ಸುಕ್ಕಿಲ್ಲ, ಎಲ್ಲೂ ಬಿಗಿಯಿಲ್ಲ. ನಮ್ಮ ಕಂಪನಿ ಆ ಕಂಪ್ಯೂಟರಿಗೆ ಕೊಟ್ಟದ್ದರಲ್ಲಿ ಅಳತೆಗೆ ಸರಿಯಾಗಿ ಕೂತದ್ದು ಅದೊಂದೇ.

೪. ಪರದೆ

ಮೇ ತಿಂಗಳ ಕೊನೆಗೆ ಮೂಡುಬಿದಿರೆಯ ಶಾಲೆಯಿಂದ ಕರೆ ಬಂತು. ಅಮ್ಮ ಆಗಲೇ ಬಿ.ಎಡ್.ಗೆ ಯಾವ ಸೀರೆ ಉಡಬೇಕಾಗುತ್ತದೆ ಎಂದು ಪಕ್ಕದ ಮನೆಯವರಲ್ಲಿ ವಿಚಾರಿಸಿಯಾಗಿತ್ತು.

ನಾಲ್ಕು ಜನ ಟೀಚರುಗಳ ಎದುರು ಸುಮ್ಮನೆ ಒಮ್ಮೆ ತೋರಿಸುವುದು, ಹತ್ತು ನಿಮಿಷದ ಕೆಲಸ ಎಂದು ಸರ್ ಹೇಳಿದ್ದರು. ನಾನು ಬೆಳಿಗ್ಗೆ ಬೇಗ ಹೋಗಿ ಕಂಪ್ಯೂಟರ್ ಲ್ಯಾಬಿನಲ್ಲಿ ಸಾಫ್ಟ್‌ವೇರ್ ಹಾಕಿದೆ. ಲ್ಯಾಬಿನಲ್ಲಿ ಇದ್ದದ್ದು ಲಿನಕ್ಸ್, ನಮ್ಮ ಪ್ರೋಗ್ರಾಮರದ್ದೇ ಜಾತಿ. ಹಾಗಾಗಿ ಅವರು, ಅಲ್ಲಿ ಏನೂ ಆಗುವುದಿಲ್ಲ ನೋಡು ಎಂದು ಕಳಿಸಿದ್ದರು.

ತೆರೆದೆ. ಸ್ಕ್ರೀನಿನ ಮೇಲ್ಭಾಗದಲ್ಲಿ ಒಂದು ನೀಲಿ ಗೆರೆ ಬಂತು. ಗೆರೆಯಲ್ಲಿ ಸಾಫ್ಟ್‌ವೇರಿನ ಹೆಸರು. ಅಷ್ಟೇ. ಕೆಳಗೆ ಏನೂ ಇಲ್ಲ. ವಿಂಡೋಗೆ ಅಗಲ ಇತ್ತು, ಎತ್ತರ ಇರಲಿಲ್ಲ. ಏನೇನೋ ಮಾಡಿದ ಮೇಲೆ ಒಂದು ಸಂಗತಿ ಸಿಕ್ಕಿತು: ಆ ಗೆರೆಯ ಮೇಲೆ ಮೌಸಿನಿಂದ ಎರಡು ಸಲ ಬೇಗ ಒತ್ತಿದರೆ ಅದು ಬಿಚ್ಚಿಕೊಂಡು ಸ್ಕ್ರೀನ್ ಪೂರ್ತಿ ತುಂಬುತ್ತಿತ್ತು. ಬದುಕಿದೆ ಎಂದುಕೊಂಡು ಬಿಚ್ಚಿಟ್ಟು, ಯಾರೂ ಮುಟ್ಟದ ಹಾಗೆ ಕಾದು ಕೂತೆ.

ಹತ್ತು ಗಂಟೆಗೆ ಹೊರಗೆ ಮೈಕ್ ಪರೀಕ್ಷೆ ಕೇಳಿಸಿತು. ಇಣುಕಿ ನೋಡಿದರೆ ಬ್ಯಾನರ್ ಕಟ್ಟಿದ್ದಾರೆ, ದೀಪಕ್ಕೆ ಎಣ್ಣೆ ಹಾಕುತ್ತಿದ್ದಾರೆ, ಒಂದು ತಟ್ಟೆಯಲ್ಲಿ ಶಾಲು, ಹಣ್ಣು. ನಮ್ಮ ಕಡೆ ಹೊಸ ನಲ್ಲಿ ಹಾಕಿದರೂ ಸಭಾ ಕಾರ್ಯಕ್ರಮ ಇಲ್ಲದೆ ನೀರು ಬಿಡುವುದಿಲ್ಲ. ಕಂಪ್ಯೂಟರಿಗೆ ಬಿಡುತ್ತಾರೆಯೇ. ಆಮಂತ್ರಣ ಪತ್ರದಲ್ಲಿ 'ತಂತ್ರಾಂಶ ಲೋಕಾರ್ಪಣೆ' ಎಂದಿತ್ತು. ಲ್ಯಾಬಿನ ಕಂಪ್ಯೂಟರನ್ನು ಇಬ್ಬರು ಎತ್ತಿಕೊಂಡು ಹೋಗಿ ವೇದಿಕೆಯ ಮೇಲೆ ಇಟ್ಟರು. ಪ್ರೊಜೆಕ್ಟರಿನಿಂದ ಅದು ಹಿಂದಿನ ಗೋಡೆಯ ಮೇಲೆ ಬೀಳುವ ವ್ಯವಸ್ಥೆ. ಬೇಸಿಗೆ ರಜೆಯ ಕಂಪ್ಯೂಟರ್ ಶಿಬಿರಕ್ಕೆ ಬಂದಿದ್ದ ಮಕ್ಕಳನ್ನೆಲ್ಲ ಚಾಪೆ ಹಾಸಿ ಕೂರಿಸಿದರು. ನಮ್ಮ ಸರ್ ಆಗಲೇ ಕೋಟು ಹಾಕಿಕೊಂಡು ಗಣ್ಯರ ಸಾಲಿನಲ್ಲಿ ಕೂತಿದ್ದರು.

ನಾನು ವೇದಿಕೆಯ ಬದಿಯಿಂದ ಹತ್ತಿ, ಯಾರೂ ನೋಡದ ಹಾಗೆ ಸಾಫ್ಟ್‌ವೇರನ್ನು ಪುನಃ ಬಿಚ್ಚಿಟ್ಟೆ. ಶಾಲೆಯ ಸಂಚಾಲಕರು ಅದನ್ನು ನೋಡಿ ಹತ್ತಿರ ಬಂದರು.

"ಅದನ್ನು ಮುಚ್ಚಿ, ಅಮ್ಮ" ಎಂದರು. "ಮೊದಲೇ ತೆರೆದಿಟ್ಟದ್ದನ್ನು ಉದ್ಘಾಟನೆ ಮಾಡುವುದು ಹೇಗೆ?"

ಇದಕ್ಕೆ ಎದುರಾಡಲು ಸಾಧ್ಯವೇ ಇಲ್ಲ. ಮುಚ್ಚಿದೆ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ದೀಪ ಹಚ್ಚಿದರು. ಮುಖ್ಯ ಅತಿಥಿಗಳು ನಿವೃತ್ತ ಹೆಡ್‌ಮಾಸ್ಟರು, ಆ ಸುತ್ತಿನಲ್ಲಿ ಅವರ ಕೈ ತಾಗದೆ ಉದ್ಘಾಟನೆಯಾದ ಕಟ್ಟಡ ಇಲ್ಲ. ಅವರು ಎದ್ದು ಬಂದು, ನಾನು ತೋರಿಸಿದ ಚಿತ್ರದ ಮೇಲೆ ಮೌಸ್ ಒತ್ತಿದರು.

ಗೋಡೆಯ ಮೇಲೆ ಒಂದು ನೀಲಿ ಗೆರೆ ಮೂಡಿತು.

ಯಾರೋ ಚಪ್ಪಾಳೆ ಶುರು ಮಾಡಿದರು. ಬೇರೆ ಯಾರೂ ಸೇರದ್ದರಿಂದ ನಿಲ್ಲಿಸಿದರು. ಸಂಚಾಲಕರು ಗೆರೆ ನೋಡಿದರು, ಆಮೇಲೆ ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ನಮ್ಮ ಸರ್ ಅವರನ್ನು ನೋಡಿದರು. ಸರ್ ತಲೆಯ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಪಕ್ಕದವಳಿಗೆ, ಇಷ್ಟೇಯಾ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆರ್ಡರ್ ಹೋಯಿತು. ನಾನು ಸೀರೆಯುಟ್ಟು ಕರಿಹಲಗೆಯ ಮುಂದೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಮಕ್ಕಳೂ ಇವರೇ.

ಎದುರಿನಲ್ಲಿ ಮೈಕ್ ಇತ್ತು. ಅದರಿಂದ ಒಂದು ಹೆಣ್ಣು ದನಿ ಹೊರಟಿತು. ಯಾರು ಮಾತಾಡುತ್ತಿದ್ದಾರೆಂದು ನಾನೂ ಸುತ್ತ ನೋಡಿದೆ. ದನಿ ನನ್ನದೇ.

"ಇದೀಗ ಮಾನ್ಯ ಮುಖ್ಯ ಅತಿಥಿಗಳು ಪರದೆಯನ್ನು ಸರಿಸಿ ತಂತ್ರಾಂಶವನ್ನು ಲೋಕಾರ್ಪಣೆಗೊಳಿಸಬೇಕಾಗಿ ವಿನಂತಿ."

ಮುಖ್ಯ ಅತಿಥಿಗಳ ಮುಖ ಅರಳಿತು. ಪರದೆ ಎಂದರೆ ಅವರಿಗೆ ಗೊತ್ತು. ಎಷ್ಟು ಶಿಲಾಫಲಕಗಳ ಪರದೆ ಎಳೆದವರು. "ಎಲ್ಲಿ ಹಿಡಿಯಬೇಕು?" ಎಂದು ಮೆಲ್ಲಗೆ ಕೇಳಿದರು. ಗೆರೆ ತೋರಿಸಿದೆ. ಎರಡು ಸಲ ಒತ್ತಿದರು. ಗೋಡೆಯ ಮೇಲೆ ಆ ಗೆರೆ ಝುಂ ಎಂದು ಕೆಳಗಿನವರೆಗೆ ಬಿಚ್ಚಿಕೊಂಡಿತು. ಹೆಸರು, ವಿಳಾಸ, ತಾರೀಕು, ಕೊನೆಯಲ್ಲಿ ಸೇವ್ ಬಟನ್, ಎಲ್ಲವೂ ಇತ್ತು. ಅಂಥ ಚಪ್ಪಾಳೆಯನ್ನು ನಾನು ಆ ಮೊದಲು ಕೇಳಿರಲಿಲ್ಲ.

ಫೋಟೋಗ್ರಾಫರ್ ಮಾತ್ರ ತಲೆ ಕೆರೆದುಕೊಂಡು ಮುಂದೆ ಬಂದ. ಅವನಿಗೆ ಸಿಗಲಿಲ್ಲವಂತೆ. ನಾನು ಮುಚ್ಚಿ ಪುನಃ ತೆರೆದೆ, ಅತಿಥಿಗಳು ಕ್ಯಾಮರಾ ನೋಡಿಕೊಂಡು ಪುನಃ ಪರದೆ ಸರಿಸಿದರು. ಆಮೇಲೆ ಸಂಚಾಲಕರೂ ಒಟ್ಟಿಗೆ ಕೈ ಹಿಡಿದು ಒಮ್ಮೆ. ಶಾಲೆಯ ದಾನಿಗಳಿಗೆ ಬೇಸರ ಆಗಬಾರದೆಂದು ಅವರಿಂದ ಒಮ್ಮೆ. ಮುಗಿಯುವಾಗ ನಮ್ಮ ಸಾಫ್ಟ್‌ವೇರಿನಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರನ್ನೂ ಯಾರೂ ಬರೆದು ನೋಡಿರಲಿಲ್ಲ. ಆದರೂ ಅದನ್ನು ತೆಗೆದುಕೊಳ್ಳುವುದೆಂದು ಅಲ್ಲೇ ತೀರ್ಮಾನವಾಯಿತು.

ಷರತ್ತು ಬಂದದ್ದು ಆಮೇಲೆ. ಮರುದಿನ ಶಾಲೆಯ ಆಫೀಸಿನ ಕಂಪ್ಯೂಟರಿಗೂ ಹಾಕಿದಾಗ, ಅಲ್ಲಿ ವಿಂಡೋಸ್ ಇದ್ದದ್ದರಿಂದ, ಅದು ಗೆರೆಯಿಲ್ಲದೆ ಒಮ್ಮೆಲೇ ಪೂರ್ತಿ ತೆರೆದುಕೊಂಡಿತು. ಸಂಚಾಲಕರು ಸರ್‌ಗೆ ಫೋನ್ ಮಾಡಿದರು. "ಲ್ಯಾಬಿನಲ್ಲಿ ಪರದೆ ಉಂಟು, ಆಫೀಸಿನಲ್ಲಿ ಇಲ್ಲ. ಒಂದೇ ಸಂಸ್ಥೆಯಲ್ಲಿ ಎರಡು ತರಹ ಯಾಕೆ ಮಾರಾಯ್ರೆ?"

ಬೆಳ್ತಂಗಡಿಯ ಕುತ್ತಿಗೆಗೆ ಜಗ್ಗದ, ವಿಟ್ಲದ ಮೇಜನ್ನು ಟೇಪಿನಲ್ಲೇ ಮುಗಿಸಿದ್ದ ಸರ್‌ಗೆ ಇದು ನ್ಯಾಯವಾದ ದೂರು ಎನಿಸಿತು. "ಮಾಡುವ" ಎಂದು ಒಪ್ಪಿಕೊಂಡರು. ಪ್ರೋಗ್ರಾಮರ್ ಒಂದು ವಾರ ಊಟಕ್ಕೂ ಸರಿಯಾಗಿ ಏಳಲಿಲ್ಲ. ತಾನಾಗಿ ಆದ ತಪ್ಪನ್ನು ಬೇಕೆಂದು ಮಾಡುವುದು ಎಷ್ಟು ಕಷ್ಟ ಎಂದು ಅವರಿಗೆ ಆಗ ಗೊತ್ತಾದದ್ದು. ಕೊನೆಗೂ ಮಾಡಿದರು. ಹೊಸ ಸೀಡಿಯನ್ನು ಸರ್ ಉತ್ಸಾಹದಿಂದ ಎಲ್ಲ ಗಿರಾಕಿಗಳಿಗೂ ಕಳಿಸಿದರು. ಹೀಗೆ ಇತಿಹಾಸದಲ್ಲಿ ಮೊದಲ ಬಾರಿಗೆ ನಮ್ಮ ಸಾಫ್ಟ್‌ವೇರ್ ಬಿ.ಸಿ.ರೋಡ್, ವಿಟ್ಲ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲ ಕಡೆಯೂ, ಯಾವ ಕಂಪ್ಯೂಟರಿನಲ್ಲಾದರೂ, ಒಂದೇ ಅಳತೆಯಲ್ಲಿ ತೆರೆಯತೊಡಗಿತು: ಒಂದು ಗೆರೆಯಷ್ಟು.

ಫೋನು ಕೆಳಗಿಡಲು ಬಿಡುವಿಲ್ಲದಾಯಿತು. ಮೂರನೆಯ ದಿನ ಸರ್ ನನ್ನನ್ನು ಕರೆದು, ನಿನ್ನ ಕೆಲಸ ಖಾಯಂ ಎಂದರು. ಇನ್ನು ಒಂದೊಂದು ಅಂಗಡಿಗೆ ಹೋಗಿ, ಎಲ್ಲರನ್ನೂ ಎದುರು ಕೂರಿಸಿಕೊಂಡು, ಆ ಗೆರೆಯನ್ನು ಎರಡು ಸಲ ಒತ್ತುವುದು ಹೇಗೆಂದು ವಿವರಿಸಬೇಕು, ಅರ್ಥವಾಗದವರಿಗೆ ಪುನಃ ಹೇಳಬೇಕು ಎಂದೂ ಹೇಳಿದರು.

ಓಡಿ ಮನೆಗೆ ಬಂದು ಅಮ್ಮನಿಗೆ ಸುದ್ದಿ ಹೇಳಿದೆ. ಅಮ್ಮನಿಗೆ ಸಂತೋಷವೇ ಆಯಿತು. ಇನ್ನು ಮುಂದೆ ನಿನಗೆ ಅಲ್ಲಿ ಎಂತ ಕೆಲಸ ಎಂದು ಕೇಳಿದರು. ಹೇಳಿದೆ.

"ದಿನಾ ನಾಲ್ಕು ಜನರ ಎದುರು ನಿಂತು ಪಾಠ ಮಾಡುವುದಾ? ಹಾಗಾದರೆ ಬಿ.ಎಡ್. ಒಂದು ಮಾಡಿಕೊಂಡರೆ ಒಳ್ಳೆಯದಿತ್ತು."